ಹತ್ತು ಏಟಿನ ಸಂಖ್ಯೆ

ನೂರರಲ್ಲಿ ಏಳು ಕಳೆದರೆ ಎಷ್ಟು ಎಂದು ಕೇಳಿದ ಆ ಡಾಕ್ಟರಮ್ಮನ ಮೇಲೆ ಗುಡುಗನಿಗೆ ಇವತ್ತಿಗೂ ಸಿಟ್ಟು ಹೋಗಿಲ್ಲ. ಕೇಳುವುದಕ್ಕೆ ಬೇರೇನೂ ಸಿಗಲಿಲ್ಲವೇ? ಲೋಕದಲ್ಲಿ ಲೆಕ್ಕಗಳಿಗೆ ಬರ ಬಂದಿತ್ತೇ? ಮೂವತ್ತೆಂಟನ್ನು ಎರಡರಿಂದ ಭಾಗಿಸಿ ಎಂದು ಶುರು ಮಾಡಿ, ಅಣ್ಣ ಹತ್ತು ಅಂಕೆಯ ತುದಿ ಮುಟ್ಟುವವರೆಗೆ ಕೇಳಿಸಿಕೊಂಡು, ಸರಿ ಎಂದು ಸಹಿ ಹಾಕಿದ್ದರೆ ಆಯಮ್ಮನ ಗಂಟೇನು ಹೋಗುತ್ತಿತ್ತು? ಇದನ್ನು ಗುಡುಗ ಕ್ಯಾಂಟೀನಿನಲ್ಲಿ ಹೇಳಿ ಹೇಳಿ ಎದುರಿಗೆ ಕೂತವರ ಟೀ ಎಷ್ಟೋ ಸಲ ಆರಿಹೋಗಿದೆ. ತಾನು ಹೇಳುತ್ತಿರುವುದು ಪೂರ್ತಿ ನ್ಯಾಯವಲ್ಲ ಎಂದು ಅವನಿಗೂ ಗೊತ್ತು. ಗೊತ್ತಾದ ಮಾತ್ರಕ್ಕೆ ಸಿಟ್ಟೇನೂ ಇಳಿದಿಲ್ಲ.

ಗುಡುಗ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವನಿರುವ ಕಾರ್ಖಾನೆಯಲ್ಲಿ ಗಾಳಿ ತುಂಬಿಡುವ ಉಕ್ಕಿನ ಟ್ಯಾಂಕುಗಳನ್ನು ಮಾಡುತ್ತಾರೆ. ಪ್ರತಿ ಟ್ಯಾಂಕಿನ ಕೊರಳಿಗೂ ಒಂದು ನಂಬರು ಬೀಳಬೇಕು. ಅದನ್ನು ಹೊಡೆಯುವವನು ಇವನು. ಎಡಗೈಯಲ್ಲಿ ಮೂತಿಗೆ ಅಂಕೆ ಕೆತ್ತಿದ ಉಕ್ಕಿನ ತುಂಡು, ಅಂದರೆ ಪಂಚು, ಬಲಗೈಯಲ್ಲಿ ಸುತ್ತಿಗೆ, ಒಂದು ಅಂಕೆಗೆ ಒಂದೇ ಏಟು. ಎರಡನೇ ಏಟು ಬಿತ್ತೋ, ಅಂಕೆಗೆ ನೆರಳು ಹುಟ್ಟಿ ಮೂರು ಎಂಟಾಗಿ ಕಾಣುತ್ತದೆ. ಖಾಲಿ ಟ್ಯಾಂಕು ಏಟಿಗೆ ಗುಡುಗಿದಂತೆ ಮೊಳಗುತ್ತದೆ. ಇವನ ಬಾಯಿಯೂ ಅದಕ್ಕೇನು ಕಡಿಮೆಯಲ್ಲ. ಎರಡೂ ಸೇರಿ ಹೆಸರಾಯಿತು. ಓದಿದ್ದು ನಾಲ್ಕನೇ ಕ್ಲಾಸು, ಅದೂ ಅರ್ಧಂಬರ್ಧ. ಮದುವೆಯಾಗಲಿಲ್ಲ. "ನಮ್ಮ ಮೈದುನ ಸಿಟ್ಟನ್ನೇ ಕಟ್ಟಿಕೊಂಡಿದ್ದಾನೆ, ಇನ್ನೊಬ್ಬಳನ್ನ ತಂದ್ರೆ ಸವತಿ ಜಗಳ ಆಗುತ್ತೆ" ಎಂದು ಅತ್ತಿಗೆ ನಗುತ್ತಿದ್ದರು. ಅಣ್ಣ, ಅತ್ತಿಗೆ, ಅವನು, ಮೂವರೇ ಆ ಮನೆಯಲ್ಲಿ.

ಅಣ್ಣ ಅದೇ ಕಾರ್ಖಾನೆಯಲ್ಲಿ ಅಳತೆ ನೋಡುವವನು. ಟ್ಯಾಂಕಿನ ದಪ್ಪ, ಕೊರಳಿನ ಅಗಲ, ಬೆಸುಗೆಯ ಉಬ್ಬು ಎಲ್ಲವನ್ನೂ ಅಳೆದು, ನಕ್ಷೆಯಲ್ಲಿ ಇರುವುದರಲ್ಲಿ ಕಳೆದು, ಮಿತಿಯೊಳಗಿದ್ದರೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಆ ಗೆರೆ ಬಿದ್ದ ಮೇಲೆಯೇ ತಮ್ಮನ ಸುತ್ತಿಗೆ ಮೇಲೇಳುವುದು. ಅಣ್ಣ ಬಿಟ್ಟದ್ದನ್ನು ತಮ್ಮ ಹೊಡೆಯುತ್ತಾನೆ ಎಂದು ಅವರು ಕೆಲಸ ಮಾಡುವ ಶಾಪಿನಲ್ಲಿ ಒಂದು ಹಳೆಯ ತಮಾಷೆಯಿತ್ತು.

ಅಂಕೆಯ ಪಂಚುಗಳ ಪೆಟ್ಟಿಗೆಯಲ್ಲಿ ಇರುವುದು ಒಂಬತ್ತೇ ತುಂಡು. ಆರನ್ನು ತಲೆಕೆಳಗೆ ಹಿಡಿದರೆ ಒಂಬತ್ತು; ಅದಕ್ಕೆ ಬೇರೆ ತುಂಡು ಕೊಡುವುದಿಲ್ಲ. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಪಂಚುಗಳ ಮೂತಿ ಒಡೆದಿದೆಯೇ ಎಂದು ನೋಡಲು ಒಂದು ರದ್ದಿ ತಗಡಿನ ಮೇಲೆ ಎಲ್ಲವನ್ನೂ ಒಮ್ಮೆ ಹೊಡೆಯಬೇಕು. ಬೇರೆ ಶಿಫ್ಟಿನವರು ಸೊನ್ನೆ, ಒಂದು, ಎರಡು ಎಂದು ಸಾಲಾಗಿ ಹೊಡೆಯುತ್ತಾರೆ. ಗುಡುಗ ಮಾತ್ರ ಬಹಳ ವರ್ಷಗಳಿಂದ ಹೊಡೆಯುವುದು 3816547290.

ಅದು ಅಣ್ಣ ಕೊಟ್ಟದ್ದು. ಯಾವುದೋ ಪತ್ರಿಕೆಯ ಮೂಲೆಯಲ್ಲಿ ಒಗಟಾಗಿ ಬಂದಿತ್ತಂತೆ. ಸೊನ್ನೆಯಿಂದ ಒಂಬತ್ತರವರೆಗಿನ ಎಲ್ಲ ಅಂಕೆಯನ್ನೂ ಒಂದೊಂದೇ ಸಲ ಬಳಸಿ ಇಂಥ ಸಂಖ್ಯೆ ಕಟ್ಟಿ ಎಂದು. ಅಣ್ಣ ಊಟ ತಿಂಡಿ ಮರೆತು ಕೂತು ಬಿಡಿಸಿದ. ಒಂದು ಟೀ ವೇಳೆಯಲ್ಲಿ ತಮ್ಮನನ್ನು ಕರೆದು, ಟ್ಯಾಂಕಿನ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. ಮೊದಲ ಅಂಕೆ ಮೂರು, ಅದನ್ನು ಒಂದರಿಂದ ಭಾಗಿಸು. ಇನ್ನೊಂದು ಅಂಕೆ ಸೇರಿಸಿದರೆ ಮೂವತ್ತೆಂಟು, ಎರಡರಿಂದ ಭಾಗಿಸು, ಹತ್ತೊಂಬತ್ತು, ಶೇಷ ಇಲ್ಲ. ಮತ್ತೊಂದು ಸೇರಿಸು, ಮುನ್ನೂರ ಎಂಬತ್ತೊಂದು, ಮೂರರಿಂದ ಭಾಗಿಸು, ನೂರ ಇಪ್ಪತ್ತೇಳು, ಶೇಷ ಇಲ್ಲ. ನಾಲ್ಕು ಅಂಕೆ ನಾಲ್ಕರಿಂದ, ಐದು ಅಂಕೆ ಐದರಿಂದ. ಹೀಗೆ ಹತ್ತು ಅಂಕೆ ಹತ್ತರಿಂದ ಹೋಗುವವರೆಗೂ ಎಲ್ಲೂ ಒಂದು ಚೂರು ಉಳಿಯುವುದಿಲ್ಲ.

ಗುಡುಗ ಬಾಯಿ ಬಿಟ್ಟುಕೊಂಡು ನೋಡಿದ. ಇಂಥವು ಇನ್ನೆಷ್ಟಿವೆ ಎಂದು ಕೇಳಿದ.

"ಇದೊಂದೇ ಕಣೋ. ಹತ್ತು ಅಂಕೆನ ಹೇಗೆ ಬೇಕಾದ್ರೂ ಕಲಸಿ ಹಾಕು, ಇನ್ನೊಂದು ಸಿಗಲ್ಲ."

ಯಾಕೆ ಎಂದರೆ ಅದನ್ನೂ ಹೇಳಿದ. ಹತ್ತರಿಂದ ಹೋಗಬೇಕಾದರೆ ಸೊನ್ನೆ ಕಡೆಯ ಮನೆಯಲ್ಲೇ ಕೂರಬೇಕು. ಐದರಿಂದ ಹೋಗಬೇಕಾದರೆ ಐದನೇ ಮನೆಯಲ್ಲಿ ಐದೋ ಸೊನ್ನೆಯೋ ಇರಬೇಕು. ಸೊನ್ನೆ ಆಗಲೇ ಹೋಯಿತು, ಹಾಗಾಗಿ ಅದು ಐದರದ್ದೇ. ಎರಡನೇ, ನಾಲ್ಕನೇ, ಆರನೇ, ಎಂಟನೇ ಮನೆಗಳು ಸಮ ಅಂಕೆಗಳವು. ಹೀಗೆ ಒಬ್ಬೊಬ್ಬರೇ ಹೊರಗೆ ಬಿದ್ದು ಕೊನೆಗೆ ಬೆರಳೆಣಿಕೆಯಷ್ಟು ಸಂಖ್ಯೆಗಳು ಉಳಿಯುತ್ತವೆ. ಅವನ್ನೆಲ್ಲ ಏಳು ಎಂಬ ಕಾವಲುಗಾರ ಬಾಗಿಲಲ್ಲಿ ತಡೆಯುತ್ತಾನೆ. ಒಂದನ್ನು ಮಾತ್ರ ಒಳಗೆ ಬಿಡುತ್ತಾನೆ.

ಆಮೇಲೆ ಕಡೆಯ ಸೊನ್ನೆಯನ್ನು ಅಂಗೈಯಿಂದ ಒರೆಸಿ, ಉಳಿದ ಒಂಬತ್ತನ್ನು ಮೂರು ಮೂರಾಗಿ ಒಂದರ ಕೆಳಗೊಂದು ಬರೆದ. ಮೇಲೆ 381, ನಡುವೆ 654, ಕೆಳಗೆ 729. ಮೇಲಿನ ಸಾಲು ಕೂಡಿದರೆ ಹನ್ನೆರಡು, ನಡುವಿನದು ಹದಿನೈದು, ಕೆಳಗಿನದು ಹದಿನೆಂಟು. ನಡುವಿನ ಕಂಬದಲ್ಲಿ ಎಂಟು, ಐದು, ಎರಡು. ಮೂರು ಮೂರು ಮೆಟ್ಟಿಲು ಇಳಿದ ಹಾಗೆ. ಕಡೆಯ ಕಂಬದಲ್ಲಿ ಒಂದು, ನಾಲ್ಕು, ಒಂಬತ್ತು. ಒಂದೊಂದಲೆ ಒಂದು, ಎರಡೆರಡಲೆ ನಾಲ್ಕು, ಮೂರ್ಮೂರಲೆ ಒಂಬತ್ತು.

"ಇದನ್ನ ಯಾರು ಮಾಡಿದ್ರು?" ಎಂದು ಗುಡುಗ ಕೇಳಿದ.

"ಯಾರೂ ಮಾಡಿಲ್ಲ. ಇತ್ತು, ಅಷ್ಟೆ. ಕತ್ತೆ ಬಾಲ ಹಿಡ್ಕೊಂಡು ಇದನ್ನ ಯಾರು ಕಟ್ಟಿದ್ರು ಅಂತ ಕೇಳ್ತೀಯಾ?"

ಅವತ್ತಿನಿಂದ ಅದು ಗುಡುಗನ ಬೆಳಗಿನ ಸಂಖ್ಯೆಯಾಯಿತು. ಹತ್ತು ಏಟು, ಪೆಟ್ಟಿಗೆಯ ಎಲ್ಲ ತುಂಡಿಗೂ ಕೆಲಸ, ಆರಕ್ಕೆ ಎರಡು ಸಲ. ಭಾಗಿಸಿದ ಉತ್ತರಗಳನ್ನೂ ಅಣ್ಣ ಬಾಯಿಪಾಠ ಮಾಡಿಸಿದ. ಮೂರು, ಹತ್ತೊಂಬತ್ತು, ನೂರ ಇಪ್ಪತ್ತೇಳು, ಒಂಬೈನೂರ ಐವತ್ತನಾಲ್ಕು, ಏಳು ಸಾವಿರದ ಆರುನೂರ ಮೂವತ್ತಮೂರು. ಗುಡುಗನಿಗೆ ಜೀವನದಲ್ಲಿ ಸರಿಯಾಗಿ ಬಂದ ಲೆಕ್ಕ ಇದೊಂದೇ.

ಅಣ್ಣ ಬಿದ್ದದ್ದು ಶಾಪಿನಲ್ಲಿ, ತನ್ನ ಕೆಲಸದ ಬೆಂಚಿನ ಮುಂದೆಯೇ. ಅಳತೆಯ ಉಪಕರಣ ಕೈಯಿಂದ ಜಾರಿತು, ಬಗ್ಗಿ ತೆಗೆಯಲು ಹೋದವನು ಮೇಲೇಳಲಿಲ್ಲ. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ, ಗೋಡೆಗೆ ಕಟ್ಟಿದ ಸಿಮೆಂಟಿನ ಬೆಂಚಿನ ಮೇಲೆ ಕೂತ ಗುಡುಗನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಎದುರಿನ ಗೋಡೆಗೆ ಅರ್ಧದವರೆಗೆ ಹಸಿರು ಬಣ್ಣ ಬಳಿದಿದ್ದರು. ಬಣ್ಣ ನಿಲ್ಲುವ ಗೆರೆ ನೆಟ್ಟಗಿರಲಿಲ್ಲ. ಅವನು ಅದನ್ನೇ ನೋಡುತ್ತ ಕೂತಿದ್ದ. ಅತ್ತಿಗೆ ಏನಾದರೂ ಹೇಳಿದರೆ ಹೂಂ ಎನ್ನುತ್ತಿದ್ದ. ಏನು ಹೇಳಿದರು ಎಂದು ಕೇಳಿದ್ದರೆ ಅವನಿಗೆ ಗೊತ್ತಿರುತ್ತಿರಲಿಲ್ಲ.

ಅಣ್ಣ ಉಳಿದ. ಬಲಗೈ ಸ್ವಲ್ಪ ಜೋಲು, ಮಾತು ಸ್ವಲ್ಪ ನಿಧಾನ. ಮನೆಗೆ ಬಂದ ಮೇಲೆ ತಿಳಿದದ್ದು, ಹೋಗಿರುವುದು ಅಂಕೆಗಳು ಎಂದು. ಗಡಿಯಾರ ನೋಡಿ ಗಂಟೆ ಹೇಳಲು ಬರುತ್ತಿರಲಿಲ್ಲ. ಮೂರು ಲೋಟ ತಾ ಎಂದರೆ ಒಂದು ತಂದು, ಸರಿಯಾ ಎನ್ನುವಂತೆ ಹೆಂಡತಿಯ ಮುಖ ನೋಡುತ್ತಿದ್ದ. ಅಭ್ಯಾಸ ಮಾಡಿಸಿದರೆ ತಿರುಗಿ ಬಂದರೂ ಬರಬಹುದು, ಹೇಳಲಾಗದು ಎಂದರು ಆಸ್ಪತ್ರೆಯವರು.

ಫೋರ್‌ಮನ್ ಒಳ್ಳೆಯವನು. ಮನೆಗೆ ಬಂದು ಅಂಗಳದಲ್ಲೇ ನಿಂತು ಗುಡುಗನಿಗೆ ವಿಷಯ ತಿಳಿಸಿದ. ರಜೆ ಮುಗಿಯುವ ಹೊತ್ತಿಗೆ ಕಂಪನಿಯ ಡಾಕ್ಟರು ಕರೆಸಿ ನೋಡುತ್ತಾರೆ. ಅವರು ಸರಿ ಎಂದರೆ ಅಣ್ಣ ಮತ್ತೆ ಬೆಂಚಿಗೆ, ಇಲ್ಲವಾದರೆ ಶಾಶ್ವತವಾಗಿ ಮನೆಗೆ.

"ಏನು ಕೇಳ್ತಾರೆ?"

"ಕೈ ಎತ್ತಿ, ಕಾಲು ಎತ್ತಿ ಅಂತಾರೆ. ಆಮೇಲೆ ಲೆಕ್ಕ. ಅಳತೆ ಕೆಲಸ ನೋಡು, ಲೆಕ್ಕ ಕೇಳದೆ ಬಿಡಲ್ಲ."

ಅಣ್ಣ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಫೋರ್‌ಮನ್ ಹೋದ ಮೇಲೆ ನಿಧಾನವಾಗಿ ಹೇಳಿದ: "ನನ್ನ ಬೆಂಚು ಯಾರಿಗೂ ಕೊಡಬೇಡಿ ಅಂತ ಹೇಳೋ." ಬೇರೆ ಯಾವುದನ್ನೂ ಅವನು ಕೇಳಲಿಲ್ಲ, ಕೈ ಸರಿಹೋಗುತ್ತದೆಯೇ ಎಂದು ಕೂಡ. ಬೆಂಚು ಒಂದೇ ಅವನಿಗೆ ಬೇಕಾಗಿದ್ದದ್ದು.

ಗುಡುಗ ಪಾಠ ಶುರು ಮಾಡಿದ. ಯಾವ ಲೆಕ್ಕ ಹೇಳಿಕೊಡುವುದು? ಅವನಿಗೆ ಬರುತ್ತಿದ್ದದ್ದೇ ಒಂದು. ಕೆಲಸದಿಂದ ಬಂದು ಕೈಕಾಲು ತೊಳೆದು, ಅಣ್ಣನ ಎದುರಿಗೆ ಮಣೆ ಹಾಕಿಕೊಂಡು ಕೂತು, ಮೂವತ್ತೆಂಟನ್ನು ಎರಡರಿಂದ ಎನ್ನುವನು. ಮೊದಲಿಗೆ ಅಣ್ಣ ಬೆಪ್ಪನಂತೆ ನೋಡುತ್ತಿದ್ದ. ಗುಡುಗನಿಗೆ ಸಿಟ್ಟು ಮೂಗಿನ ತುದಿಗೆ ಬಂದು, ಅಲ್ಲಿಂದ ಎಲ್ಲಿಗೂ ಹೋಗದೆ ತಣ್ಣಗಾಗುತ್ತಿತ್ತು. ಹತ್ತೊಂಬತ್ತು ಎಂದು ತಾನೇ ಹೇಳುವನು. ಅಣ್ಣ ಹತ್ತೊಂಬತ್ತು ಎನ್ನುವನು. ಹೀಗೆ ದಿನಾ ಸಂಜೆ. ಕೆಲವು ವಾರ ಕಳೆದ ಮೇಲೆ ಅಣ್ಣ ಏಳರ ಬಾಗಿಲು ದಾಟಿದ. ಮೂವತ್ತೆಂಟು ಲಕ್ಷದ ಹದಿನಾರು ಸಾವಿರದ ಐನೂರ ನಲವತ್ತೇಳನ್ನು ಏಳರಿಂದ ಎಂದರೆ, ಐದು ಲಕ್ಷದ ನಲವತ್ತೈದು ಸಾವಿರದ ಇನ್ನೂರ ಇಪ್ಪತ್ತೊಂದು ಎಂದು ಥಟ್ಟನೆ ಬಂತು. ಅವತ್ತು ಅಣ್ಣನ ಮುಖದಲ್ಲಿ ಹಳೆಯ ಅಣ್ಣ ಒಂದು ಕ್ಷಣ ಇಣುಕಿ ಹೋದ. ಗುಡುಗ ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದ. ಸಂತೋಷವಾಗಬೇಕಿತ್ತು. ಆಯಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ನೀರು ತಣ್ಣಗಿತ್ತು, ಅದು ತಿಳಿಯಿತು.

ಅತ್ತಿಗೆ ಪಾತ್ರೆ ಒರೆಸುತ್ತಿದ್ದವರು ಕೈ ನಿಲ್ಲಿಸಿ ಅಂದರು:

"ಒಂದು ಮಾತು ಹೇಳ್ತೀನಿ, ಕೂಗಾಡಬೇಡ. ನೀನು ಆರರಿಂದ ಅಂತ ಬಾಯಿ ಬಿಡೋಕೆ ಮುಂಚೆನೇ ಅವರು ಉತ್ತರ ಹೇಳ್ತಾರೆ. ಇದು ಗಿಣಿಪಾಠ ಕಣಪ್ಪ. ಬೆಳಿಗ್ಗೆ ನಾನು ಐದಕ್ಕೆ ಎರಡು ಕೂಡಿಸಿದ್ರೆ ಎಷ್ಟು ಅಂದೆ. ಸುಮ್ನೆ ಕೂತ್ರು."

"ನೀವು ನಡುವೆ ಬಂದು ಗೊಂದಲ ಮಾಡಬೇಡಿ ಅತ್ತಿಗೆ. ಕೋಟಿ ಲೆಕ್ಕ ಭಾಗಿಸೋ ಮನುಷ್ಯನಿಗೆ ಐದು ಎರಡು ಯಾಕೆ?"

"ಆಯ್ತು, ನನಗೇನು ಗೊತ್ತು" ಎಂದು ಅತ್ತಿಗೆ ಮತ್ತೆ ಪಾತ್ರೆ ಕೈಗೆತ್ತಿಕೊಂಡರು.

ಗುಡುಗನಿಗೆ ಅನುಮಾನ ಬರಲಿಲ್ಲ ಎಂದಲ್ಲ. ಬಂದ ಅನುಮಾನವನ್ನು ಬಾಗಿಲ ಹೊರಗೇ ಕೂರಿಸಿದ. ಮರುದಿನವೂ ಮೂವತ್ತೆಂಟನ್ನು ಎರಡರಿಂದ ಎಂದ.

ಡಾಕ್ಟರಮ್ಮನ ಕೋಣೆ ಕಾರ್ಖಾನೆಯ ಗೇಟಿನ ಪಕ್ಕದಲ್ಲೇ ಇತ್ತು. ತೂಕ ನೋಡುವ ಯಂತ್ರ, ಕೈ ತೊಳೆಯುವ ಬೇಸಿನ್ನು, ಗಾಜು ಹಾಕಿದ ಮೇಜು, ಮೂಲೆಯಲ್ಲಿ ಪರದೆ. ಅಣ್ಣನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದ್ದರು. ಗುಂಡಿ ಹಾಕಲು ಅವನ ಬಲಗೈಗೆ ಬರುತ್ತಿರಲಿಲ್ಲವಾದ್ದರಿಂದ ಅತ್ತಿಗೆಯೇ ಹಾಕಿ ಕಳಿಸಿದ್ದರು. ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆತ್ತಗೆ. ಇವತ್ತು ಯಾವ ವಾರ ಎಂದು ಕೇಳಿದರು, ಅಣ್ಣ ಸರಿಯಾಗಿ ಹೇಳಿದ. ಕೈ ಎತ್ತಿ ಎಂದರು, ಎತ್ತಿದ. ಕಣ್ಣು ಮುಚ್ಚಿ ಮೂಗು ಮುಟ್ಟಿ ಎಂದರು, ಮುಟ್ಟಿದ. ಗುಡುಗ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ.

"ನೂರರಲ್ಲಿ ಏಳು ಕಳೆದ್ರೆ ಎಷ್ಟಾಗುತ್ತೆ, ಹೇಳಿ."

ಅಣ್ಣ ತಮ್ಮನ ಕಡೆ ನೋಡಿದ. ಆಮೇಲೆ ಮೇಜಿನ ಗಾಜನ್ನು ನೋಡಿದ. "ಹತ್ತೊಂಬತ್ತು" ಎಂದ.

ಆಕೆ ಇನ್ನೊಂದು ಲೆಕ್ಕ ಕೇಳಿದರು. ಹನ್ನೆರಡರಲ್ಲಿ ಐದು ಕಳೆದರೆ ಎಂದರು. "ನೂರ ಇಪ್ಪತ್ತೇಳು" ಎಂದ ಅಣ್ಣ, ಈ ಸಲ ಧೈರ್ಯವಾಗಿ. ದಾರಿ ಸಿಕ್ಕಿತು ಎಂದುಕೊಂಡನೋ ಏನೋ, ಮುಂದಿನ ಪ್ರಶ್ನೆಗೆ ಕಾಯದೆ ತಾನೇ ಹೊರಟ. ಒಂಬೈನೂರ ಐವತ್ತನಾಲ್ಕು. ಏಳು ಸಾವಿರದ ಆರುನೂರ ಮೂವತ್ತಮೂರು. ಅರವತ್ತಮೂರು ಸಾವಿರದ ಆರುನೂರ ಒಂಬತ್ತು. ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದನ್ನೂ ತಪ್ಪದೆ, ಹತ್ತನೆಯದರವರೆಗೂ ಹೇಳಿ ಮುಗಿಸಿದ. ಡಾಕ್ಟರಮ್ಮ ಗುಡುಗನ ಮುಖ ನೋಡಿದರು.

ಗುಡುಗ ಗುಡುಗಿಬಿಟ್ಟ. ಕೇಳಬೇಕಾದ್ದನ್ನು ಕೇಳಲು ನಿಮಗೆ ಬರುವುದಿಲ್ಲ ಎಂದ. 3816547290 ಎಂದು ಬರೆದುಕೊಳ್ಳಿ, ಒಂದೊಂದೇ ಅಂಕೆ ಸೇರಿಸುತ್ತ ಭಾಗಿಸುತ್ತ ಹೋಗಿ, ನಮ್ಮಣ್ಣ ಹೇಳಿದ್ದರಲ್ಲಿ ಒಂದು ಚೂರು ತಪ್ಪಿದ್ದರೆ ನನ್ನ ಕೆಲಸವನ್ನೂ ಕಿತ್ತುಕೊಳ್ಳಿ ಎಂದ. ಹೊರಗೆ ನಿಂತಿದ್ದ ಗೇಟಿನವನು ತಲೆ ಒಳಗೆ ಹಾಕಿ ನೋಡಿ ಹೋದ. ಆಕೆ ಸಿಟ್ಟಾಗಲಿಲ್ಲ. ಪೆನ್ಸಿಲು ತೆಗೆದು ನಿಜವಾಗಿಯೂ ಭಾಗಿಸಿದರು. ತಾಳ್ಮೆಯಿಂದ, ಒಂದರ ಮೇಲೊಂದು. ಎಲ್ಲ ಸರಿಯಿದೆ, ಬಹಳ ಚೆನ್ನಾಗಿದೆ ಈ ಸಂಖ್ಯೆ ಎಂದರು. ಗುಡುಗ ಅಣ್ಣನ ಭುಜ ತಟ್ಟಿದ. ಆಗ ಆಕೆ ಅಣ್ಣನ ಕಡೆ ಬಗ್ಗಿ ಕೇಳಿದರು:

"ಮೂವತ್ತಾರನ್ನ ಎರಡರಿಂದ ಭಾಗಿಸಿದ್ರೆ?"

"ಹತ್ತೊಂಬತ್ತು" ಎಂದ ಅಣ್ಣ.

ಮೂವತ್ತೆಂಟಲ್ಲ, ಮೂವತ್ತಾರು ಎಂದು ಆಕೆ ಇನ್ನೊಮ್ಮೆ ಬಿಡಿಸಿ ಹೇಳಿದರು. ಅಣ್ಣ ನಗುತ್ತ ಮತ್ತೆ ಹತ್ತೊಂಬತ್ತು ಎಂದ. ಅವನಿಗೆ ಅನುಮಾನವೇ ಇರಲಿಲ್ಲ.

ಆ ಕೋಣೆಯಿಂದ ಹೊರಗೆ ಬಂದದ್ದು ಗುಡುಗನಿಗೆ ನೆನಪಿಲ್ಲ. ನೆನಪಿರುವುದು ಬಸ್ ನಿಲ್ದಾಣದ ತಗಡಿನ ಮಾಡು, ಅದರ ಕೆಳಗೆ ಅಣ್ಣ ಎಡಗೈಯಲ್ಲಿ ಕಂಬ ಹಿಡಿದು ನಿಂತದ್ದು.

"ಚೆನ್ನಾಗಿ ಹೇಳಿದ್ನಲ್ವಾ?"

"ಹೂಂ."

"ಒಂದೂ ತಪ್ಪಲಿಲ್ಲ ಅಲ್ವಾ?"

"ಇಲ್ಲ ಅಣ್ಣ."

"ಏನಂತೆ ಮತ್ತೆ? ಬೆಂಚು?"

ಆಗಲೇ ಹೇಳಬಹುದಿತ್ತು. ಬಸ್ಸು ಬಂತು. "ನಾಳೆ ಹೇಳ್ತಾರಂತೆ" ಎಂದು ಗುಡುಗ ಅಣ್ಣನ ತೋಳು ಹಿಡಿದು ಹತ್ತಿಸಿದ.

ಕಾಗದ ಬೇಗನೇ ಬಂತು. ಫೋರ್‌ಮನ್ ಅದನ್ನು ಗುಡುಗನ ಕೈಗೆ ಕೊಟ್ಟು, ನನ್ನ ಕೈಲಾದದ್ದು ಮಾಡಿದೆ ಕಣಯ್ಯಾ ಎಂದ. ಅತ್ತಿಗೆ ಓದಿ, ಮಡಚಿ, ಬಟ್ಟೆಗಳ ಕೆಳಗಿಟ್ಟು, ಒಲೆಯ ಮೇಲಿದ್ದ ಹಾಲು ಇಳಿಸಲು ಹೋದರು. ಇನ್ನು ಮನೆ ನಡೆಯಬೇಕಾದದ್ದು ಗುಡುಗನ ಸಂಬಳದಲ್ಲಿ. ಅಣ್ಣನಿಗೆ ಹೇಳುವುದು ನಿನ್ನ ಕೆಲಸ, ಪಾಠ ಹೇಳಿಕೊಟ್ಟವನು ನೀನು ಎಂದು ಅತ್ತಿಗೆ ಅಂದರು. ಹೇಳುತ್ತೇನೆ ಎಂದ ಗುಡುಗ.

ಬೆಂಚಿಗೆ ಹೊಸಬ ಬಂದ. ಅಳತೆ ತಾನೇ ತಾನಾಗಿ ಗಾಜಿನ ಮೇಲೆ ಮೂಡುವ ಉಪಕರಣ ಅವನದ್ದು. ಕಳೆಯುವ ಕೆಲಸವನ್ನೂ ಅದೇ ಮಾಡುತ್ತಿತ್ತು. ಹುಡುಗನೇನೂ ಕೆಟ್ಟವನಲ್ಲ. ಅವನು ಸೀಮೆಸುಣ್ಣದ ಗೆರೆ ಎಳೆದರೆ ಗುಡುಗ ನಂಬರು ಹೊಡೆಯುತ್ತಿದ್ದ. ಮೊದಲಿನಂತೆ ಟ್ಯಾಂಕುಗಳು ಮೊಳಗುತ್ತಿದ್ದವು. ಶಾಪಿನವರು ಹೇಳುವ ಪ್ರಕಾರ ಆ ಕಾಲದಲ್ಲಿ ಗುಡುಗ ಯಾರೊಂದಿಗೂ ಜಗಳವಾಡಲಿಲ್ಲ. ಯಾರಾದರೂ ಕೆಣಕಿದರೆ, ಹೌದಾ ಎಂದು ಸುತ್ತಿಗೆ ಎತ್ತಿಕೊಳ್ಳುತ್ತಿದ್ದನಂತೆ. ಸಿಟ್ಟು ತಿರುಗಿ ಬಂದದ್ದು ಎಲ್ಲ ಮುಗಿದು ಬಹಳ ದಿನಗಳಾದ ಮೇಲೆ. ಬಂದದ್ದು ಪೂರ್ತಿ ಆ ಡಾಕ್ಟರಮ್ಮನ ಪಾಲಿಗೆ.

ಮನೆಯಲ್ಲಿ ಸಂಜೆ ಬಾಗಿಲು ತೆಗೆಯುತ್ತಿದ್ದದ್ದು ಅಣ್ಣ. ಚಪ್ಪಲಿ ಬಿಡುವುದಕ್ಕೂ ಬಿಡದೆ, ಏನಂದ್ರು ಎನ್ನುತ್ತಿದ್ದ. ದೊಡ್ಡವರು ಊರಲ್ಲಿಲ್ಲ, ನಾಳೆ ಹೇಳ್ತಾರಂತೆ. ರುಜು ಆಗಬೇಕಂತೆ, ನಾಳೆ. ಸೋಮವಾರ ಕೇಳ್ತೀನಿ. ಸಾಲಗಾರ ಅಂಗಡಿಯವನಿಗೆ ಹೇಳುವ ಹಾಗೆ ಗುಡುಗ ಬಾಯಿಗೆ ಬಂದದ್ದು ಹೇಳುತ್ತಿದ್ದ. ಅಣ್ಣ ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ. ನಿನ್ನೆ ಕೇಳಿದ್ದು ಇವತ್ತು ಮರೆಯುತ್ತಿದ್ದನೋ, ನೆನಪಿದ್ದೂ ಕೇಳುತ್ತಿದ್ದನೋ, ಅದು ಗುಡುಗನಿಗೆ ಬಗೆಹರಿಯಲಿಲ್ಲ.

ಒಂದು ಭಾನುವಾರ ಗುಡುಗ ಅಣ್ಣನ ಗಡ್ಡ ಹೆರೆಯುತ್ತಿದ್ದ. ಹಿತ್ತಿಲ ಬಾಗಿಲ ಹತ್ತಿರ ಬೆಳಕಿಗೆ ಕುರ್ಚಿ ಹಾಕಿ, ಕೊರಳಿಗೆ ಟವೆಲು ಸುತ್ತಿ, ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆಯಿತ್ತು.

"ನನಗೆ ಗೊತ್ತು ಕಣೋ, ನೀನು ಹೇಳಲ್ಲ ಅಂತ" ಎಂದ ಅಣ್ಣ.

ಗುಡುಗ ರೇಜರನ್ನು ನೀರಿನಲ್ಲಿ ಅಲ್ಲಾಡಿಸಿದ.

"ಬೆಂಚು ಇದೆಯೋ ಹೋಯ್ತೋ, ಒಂದು ಮಾತು. ನಿನ್ನ ಬಾಯಿಂದ ಕೇಳಬೇಕು. ಅಷ್ಟೇ ನೀನು ನನಗೆ ಕೊಡಬೇಕಾದ್ದು."

"ನಾಳೆ ಹೇಳ್ತೀನಿ ಅಣ್ಣ. ಅಲ್ಲಾಡಬೇಡ, ಕೊಯ್ಯುತ್ತೆ."

"ಆಯ್ತು, ನಾಳೆ" ಎಂದು ಅಣ್ಣ ಇನ್ನೊಂದು ಕೆನ್ನೆ ಕೊಟ್ಟ.

ಸೋಮವಾರ ಕೆಲಸ ಜಾಸ್ತಿಯಿತ್ತು, ಮನೆಗೆ ಬರುವಾಗ ಅಣ್ಣ ಮಲಗಿದ್ದ. ಮಂಗಳವಾರ ಅವನು ಕೇಳಲಿಲ್ಲ, ಇವನು ಹೇಳಲಿಲ್ಲ. ಬುಧವಾರ ಮಧ್ಯಾಹ್ನ ಶಾಪಿಗೆ ಫೋನು ಬಂತು. ಎರಡನೇ ಸಲ ರಕ್ತ ಹೆಪ್ಪುಗಟ್ಟಿತ್ತು, ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು. ಗುಡುಗ ಕೈಯಲ್ಲಿದ್ದ ಪಂಚನ್ನು ಪೆಟ್ಟಿಗೆಯೊಳಗಿಟ್ಟು, ಮುಚ್ಚಳ ಹಾಕಿ, ಫೋರ್‌ಮನ್‌ಗೆ ಹೇಳಿ ಹೊರಟ.

ಬಂದವರೆಲ್ಲ ಹೋದ ಮೇಲೆ ಅತ್ತಿಗೆ ಒಮ್ಮೆ ಮಾತ್ರ ಕೇಳಿದರು. "ಹೇಳಿದ್ಯಾ ಅವರಿಗೆ?"

ಗುಡುಗ ಇಲ್ಲ ಎಂದ. ಅತ್ತಿಗೆ ಹೂಂ ಎಂದು ದೀಪ ಹಾಕಲು ಎದ್ದರು.